ಕಾವಲಿನ ಮಣ್ಣು
ಚಳ್ಳಕೆರೆ ಕಡೆ ಕಾವಲಲ್ಲಿ, ಅಂದ್ರೆ ದನ ಕುರಿ ಮೇಯೋ ಹುಲ್ಲುಗಾವಲಲ್ಲಿ, ಪೈಪ್‌ಲೈನಿಗೆ ಅಂತ ಗುಂಡಿ ತೆಗ್ದಿದ್ರು, ಇಣುಕಿ ನೋಡ್ದೆ. ಮೇಲೆ ಗೇಣುದ್ದ ಕೆಂಪು ಮಸಾರಿ ಮಣ್ಣು, ಅದ್ರಲ್ಲಿ ಹುಲ್ಲಿನ ಬೇರು ಕೂದ್ಲಂಗೆ ಹೆಣ್ಕೊಂಡಿತ್ತು, ಕೆಳಗೆ ಬೆಳ್ಳಗೆ ಸುಣ್ಣದ ಹರಳು, ಇನ್ನೂ ಕೆಳಗೆ ಕೈಲಿ ಹಿಸುಕಿದ್ರೆ ಪುಡಿಯಾಗೋ ಕಲ್ಲು. ಆ ಕಲ್ಲೇ ಸಾವಿರಾರು ವರ್ಷ ಬಿಸ್ಲು ಮಳೆಗೆ ಸವೆದು ಮಣ್ಣಾಗಿರೋದು, ಅದ್ರೊಳಗಿನ ಕಬ್ಬಿಣ ತುಕ್ಕು ಹಿಡಿದಿದ್ದಕ್ಕೇ ಈ ಕೆಂಪು. ಮಲ್ನಾಡಲ್ಲಾದ್ರೆ ಮಳೆ ಸುಣ್ಣನೆಲ್ಲ ತೊಳ್ಕೊಂಡು ಹೋಗುತ್ತೆ, ನಮ್ಮಲ್ಲಿ ವರ್ಷಕ್ಕೆ ಬೀಳೋದೇ 500 ಮಿಲಿಮೀಟರ್ ಆಸುಪಾಸು, ನೀರು ಸ್ವಲ್ಪ ಇಳಿದು ಆರಿಹೋಗುತ್ತೆ, ಸುಣ್ಣ ಅಲ್ಲೇ ಗಟ್ಟಿಯಾಗಿ ಕೂರುತ್ತೆ. ಈ ನೆಲನ ಬರಡು ಅನ್ನೋರನ್ನ ಕಂಡ್ರೆ ಸಿಟ್ಟು ಬರುತ್ತೆ ನಂಗೆ. ಅಮೃತ್ ಮಹಲ್ ತಳಿ ದನ ಮೇದು ಬೆಳೆದಿದ್ದು ಇಂಥ ಕಾವಲುಗಳಲ್ಲೇ, ಕುರಿಯೋರು ಈಗ್ಲೂ ಇದನ್ನೇ ನಂಬ್ಕೊಂಡವ್ರೆ. ಹುಲ್ಲು ಕಿತ್ತು ಉತ್ತುಬಿಟ್ರೆ ಜೋರು ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತೆ.