ರಾತ್ರಿ ಎರಡಕ್ಕೆ 108ಕ್ಕೆ ಫೋನ್ ಮಾಡುವ ಮೊದಲು

ಕ್ಯಾನ್ಸರ್ ಹಬ್ಬಿಯೋ ಹೃದಯ ಸೋತೋ ಹಾಸಿಗೆ ಹಿಡಿದ ಅಜ್ಜಿಗೆ ಒಂದು ರಾತ್ರಿ ಉಸಿರು ಗೊರಗೊರ ಎನ್ನತೊಡಗುತ್ತದೆ. ಗಂಟಲಲ್ಲಿ ನಿಂತ ಜೊಲ್ಲಿನ ಸದ್ದದು. ಪ್ರಜ್ಞೆ ತಪ್ಪುತ್ತಿರುವ ಅವರಿಗಿಂತ ಕೇಳುವವರಿಗೇ ಅದರ ಹಿಂಸೆ ಹೆಚ್ಚು. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದರೆ ಎಷ್ಟೋ ತಗ್ಗುತ್ತದೆ. ಆಗ ಚಮಚದಲ್ಲಿ ನೀರು, ಹಾಲು ಬಿಡಬೇಡಿ. ನುಂಗಲಾರದವರಿಗೆ ಅದು ಶ್ವಾಸಕೋಶಕ್ಕಿಳಿದು ಕೆಮ್ಮು, ಏದುಸಿರು ಶುರುವಾಗುತ್ತದೆ. ಗಾಬರಿಯಲ್ಲಿ ಆಂಬುಲೆನ್ಸ್ ಬರುತ್ತದೆ. ತುಳಸಿ ನೀರು ಕೊಡಲೇಬೇಕೆಂದರೆ ಹತ್ತಿ ಅದ್ದಿ ತುಟಿಗೆ ಒತ್ತಿ, ಸಾಕು.

ಕ್ಯಾಶುವಾಲ್ಟಿಯಲ್ಲಿ ‘ಏನಾದ್ರೂ ಮಾಡಿ ಡಾಕ್ಟ್ರೇ’ ಅಂದರೆ ಎದೆ ಒತ್ತುತ್ತಾರೆ, ಟ್ಯೂಬ್ ಹಾಕುತ್ತಾರೆ, ವೆಂಟಿಲೇಟರ್‌ಗೆ ಸೇರಿಸುತ್ತಾರೆ. ಸವೆದ ಪಕ್ಕೆಲುಬು ಮುರಿಯುವುದು ಅಪರೂಪವಲ್ಲ. ಆಮೇಲೆ ಐಸಿಯು ಬೆಡ್, ವೆಂಟಿಲೇಟರ್, ದಿನದಿನದ ರಕ್ತಪರೀಕ್ಷೆ, ದುಬಾರಿ ಆಂಟಿಬಯಾಟಿಕ್, ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್ ಎಂದು ಬಿಲ್ ಏರುತ್ತದೆ. ‘ದಿನಕ್ಕೆಷ್ಟು’ ಎನ್ನುವ ಮೊದಲು ‘ಇದರಿಂದ ಎದ್ದು ಕೂರುತ್ತಾರಾ?’ ಎಂದು ಕೇಳಿ. ನ್ಯುಮೋನಿಯಾ, ಮೂಳೆ ಮುರಿತದಂಥ ವಾಸಿಯಾಗುವ ಕಾಯಿಲೆಯಾದರೆ ಚಿಕಿತ್ಸೆ ಕೊಡಿಸಲೇಬೇಕು, ವಯಸ್ಸಾಯಿತೆಂದು ಬಿಡಬಾರದು.

ಚೇತರಿಸುವ ಆಸೆಯಿಲ್ಲದಾಗ ವೆಂಟಿಲೇಟರ್‌ನಂಥ ಯಂತ್ರ ಬೇಡವೆನ್ನುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯಮಾಡಿ, 2023ರಲ್ಲಿ ವಿಧಾನ ಸರಳಗೊಳಿಸಿತು. ಬುದ್ಧಿ ಸ್ವಾಧೀನದಲ್ಲಿರುವಾಗಲೇ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ತಿಳಿಸುವ ಇಚ್ಛಾಪತ್ರ (ಲಿವಿಂಗ್ ವಿಲ್) ಬರೆದು, ತಮ್ಮ ಪರವಾಗಿ ಯಾರು ತೀರ್ಮಾನಿಸಬೇಕೆಂದು ಹೆಸರಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಪತ್ರ ಬೀರುವಿನಲ್ಲಿ ಉಳಿದರೆ ಪ್ರಯೋಜನವಿಲ್ಲ. ನಕಲು ಡಿಸ್ಚಾರ್ಜ್ ಸಮ್ಮರಿ ಇರುವ ಫೈಲಿನಲ್ಲೇ ಇರಲಿ. ಪತ್ರವಿಲ್ಲದಿದ್ದರೂ ಮನೆಯವರ ಒಪ್ಪಿಗೆಯ ಮೇಲೆ ಯಂತ್ರ ನಿಲ್ಲಿಸುವುದನ್ನು ಎರಡು ವೈದ್ಯ ಮಂಡಳಿಗಳು ನಿರ್ಧರಿಸಬಹುದು. ಒಂದೊಂದಕ್ಕೂ ಸುಮಾರು 48 ಗಂಟೆ. ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗಬೇಕು, ಅನುಮತಿ ಬೇಕಿಲ್ಲ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೊಳಿಸಲು ಆದೇಶಿಸಿತು.

ಈ ದಾರಿ ತಿಳಿಯದೆ ಎಷ್ಟೋ ಮನೆಯವರು ‘ವೈದ್ಯರ ಸಲಹೆಗೆ ವಿರುದ್ಧ’ ಎಂದು ಸಹಿ ಹಾಕಿ, ನೋವಿನ ಒಂದು ಮಾತ್ರೆಯೂ ಇಲ್ಲದೆ ಕರೆದೊಯ್ಯುತ್ತಾರೆ. ಇದು ಬಹಳ ಕ್ರೂರ. ಹೊರಡುವ ಮುನ್ನ ನೋವು ತಗ್ಗಿಸುವ ಮಾರ್ಫಿನ್, ಜೊತೆಗೆ ಅದರಿಂದಾಗುವ ಮಲಬದ್ಧತೆಗೆ ಔಷಧ ಬರೆಸಿಕೊಳ್ಳಿ. ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ಆರೈಕೆ ಉಚಿತ.

ಬಿಲ್ ಬಾಕಿ ಇದೆಯೆಂದು ಖಾಸಗಿ ಆಸ್ಪತ್ರೆ ಶವ ತಡೆಹಿಡಿಯುವಂತಿಲ್ಲ. ರಾಜ್ಯದ ಕಾನೂನೇ ಹಾಗೆನ್ನುತ್ತದೆ. ಮನೆಯಲ್ಲೇ ಉಸಿರು ನಿಂತರೆ, ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ನಮೂನೆ 4ಎ ಪಡೆದು 21 ದಿನದೊಳಗೆ ನೋಂದಾಯಿಸಿ.