ಬಾಟಲ್ ಮುಚ್ಚಿರುವಾಗ ಎಂಜಿನ್ ಹೇಗೆ ಓಡಬೇಕು?

ಡೆಟ್ರಾಯಿಟ್ ಪಕ್ಕದ ಒಂದು ಎಂಜಿನ್ ಮಷಿನ್ ಶಾಪ್‌ನಲ್ಲಿ ನನ್ನ ಕೆಲಸ. ಬೋರಿಂಗ್, ಹೆಡ್ ಕೆಲಸ, ಅಸೆಂಬ್ಲಿ ಎಲ್ಲವೂ ಇಲ್ಲೇ ಆಗುತ್ತದೆ. ಊರಿನಲ್ಲಿ ಮೆಕ್ಯಾನಿಕಲ್ ಓದುತ್ತಿರುವ ಹುಡುಗರು ಆಗಾಗ ನೈಟ್ರಸ್ ಬಗ್ಗೆ, ಅಂದರೆ ಹೆಚ್ಚು ಶಕ್ತಿಗಾಗಿ ಬಾಟಲಿಯಿಂದ ಎಂಜಿನ್‌ಗೆ ಬಿಡುವ ನೈಟ್ರಸ್ ಆಕ್ಸೈಡ್ ಬಗ್ಗೆ, ಕೇಳುತ್ತಾರೆ. ಅವರಿಗಾಗಿ ಇತ್ತೀಚೆಗೆ ಮುಗಿಸಿದ ಒಂದು ಕೆಲಸದ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತಿದ್ದೇನೆ.

ಗಾಡಿ 1972ರ ಶೆವರ್ಲೆ ನೋವಾ, ಎಂಜಿನ್ 350 ಕ್ಯೂಬಿಕ್ ಇಂಚಿನ ಸ್ಮಾಲ್ ಬ್ಲಾಕ್ ವಿ8. ಆಟೋಮ್ಯಾಟಿಕ್ ಗೇರ್, ಕಂಪನಿಯದೇ ಟಾರ್ಕ್ ಕನ್ವರ್ಟರ್, ವ್ಯಾಕ್ಯೂಮ್‌ನಿಂದ ನಡೆಯುವ ಪವರ್ ಬ್ರೇಕ್. ಕಾರ್ಬುರೇಟರ್ ಕೆಳಗೆ 100 ಹಾರ್ಸ್‌ಪವರ್‌ನ ನೈಟ್ರಸ್ ಪ್ಲೇಟ್. ಮಾಲೀಕರು ಕ್ಯಾಟಲಾಗ್‌ನಲ್ಲಿ ‘ನೈಟ್ರಸ್ ಕ್ಯಾಮ್’ ಎಂಬ ಹೆಸರಿನಡಿ ಒಂದು ಕ್ಯಾಮನ್ನು (ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ದಂಡ) ಗುರುತು ಹಾಕಿಕೊಂಡೇ ಬಂದಿದ್ದರು. ಉಬ್ಬು ಟ್ಯಾಪೆಟ್ಟನ್ನು 0.050 ಇಂಚು ಎತ್ತಿದಲ್ಲಿಂದ ಅಳೆದರೆ ವಾಲ್ವ್ ತೆರೆದಿರುವುದು, ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ, ಇನ್‌ಟೇಕ್ 236 ಡಿಗ್ರಿ, ಎಗ್ಸಾಸ್ಟ್ 250; ಲೋಬ್ ಸೆಪರೇಷನ್ (ಇನ್‌ಟೇಕ್, ಎಗ್ಸಾಸ್ಟ್ ಉಬ್ಬುಗಳ ನಡುವಿನ ಕೋನ) 114. ಕ್ಯಾಮ್ ಒಳ್ಳೆಯದೇ, ಆದರೆ ಈ ಗಾಡಿಗಲ್ಲ.

ಎಗ್ಸಾಸ್ಟ್‌ಗೆ ಮಾತ್ರ ಏಕೆ ಅಷ್ಟು ಹೆಚ್ಚು ಡಿಗ್ರಿ ಎಂಬುದನ್ನು ಮೊದಲು ತಿಳಿಯಬೇಕು. ಗಾಳಿಯ ತೂಕದಲ್ಲಿ ಆಕ್ಸಿಜನ್ ಸುಮಾರು ಶೇ. 23, ನೈಟ್ರಸ್ ಆಕ್ಸೈಡ್‌ನಲ್ಲಿ ಶೇ. 36. ಸಿಲಿಂಡರ್ ಒಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಒಡೆದು ಆಕ್ಸಿಜನ್ ಬಿಟ್ಟುಕೊಡುತ್ತದೆ. ಹೀಗೆ ಹೆಚ್ಚುವರಿ ಆಕ್ಸಿಜನ್ ಬಾಟಲಿಯ ಒತ್ತಡದಿಂದಲೇ ಬರುವುದರಿಂದ, ಅದನ್ನು ಎಳೆದುಕೊಳ್ಳಲು ಇನ್‌ಟೇಕ್ ವಾಲ್ವ್ ಹೆಚ್ಚು ಹೊತ್ತು ತೆರೆದಿರಬೇಕಿಲ್ಲ. ಕಷ್ಟವಿರುವುದು ಹೊರದಾರಿಯಲ್ಲಿ. ಉರಿದ ಅನಿಲ ಹೆಚ್ಚು, ಒತ್ತಡ ಹೆಚ್ಚು, ದಾರಿ ಮಾತ್ರ ಮೊದಲಿನಷ್ಟೇ. ಹಳೆಯ ಸ್ಮಾಲ್ ಬ್ಲಾಕ್ ಹೆಡ್‌ಗಳ ಎಗ್ಸಾಸ್ಟ್ ಪೋರ್ಟ್ ಮೊದಲೇ ಬಡವ. ಅದಕ್ಕೇ ಎಗ್ಸಾಸ್ಟ್ ವಾಲ್ವ್ ಬೇಗ ತೆರೆಯಬೇಕು, ಹೆಚ್ಚು ಹೊತ್ತು ತೆರೆದಿರಬೇಕು ಎನ್ನುತ್ತಾರೆ.

ಆ ‘ಬೇಗ’ಕ್ಕೆ ಬೆಲೆ ಇದೆ. ಅವರು ತಂದ ಕ್ಯಾಮನ್ನು 4 ಡಿಗ್ರಿ ಅಡ್ವಾನ್ಸ್‌ನಲ್ಲಿ (ಮುಂದಕ್ಕೆ ತಿರುಗಿಸಿ) ಕೂರಿಸಿದರೆ, ಪಿಸ್ಟನ್ ಕೆಳತುದಿ ಮುಟ್ಟಲು ಇನ್ನೂ 63 ಡಿಗ್ರಿ ಇರುವಾಗಲೇ ಎಗ್ಸಾಸ್ಟ್ ತೆರೆಯುತ್ತದೆ. ನೈಟ್ರಸ್ ಓಡುತ್ತಿದ್ದರೆ ಅದು ಸರಿ, ಆಗ ಒಳಗೆ ಒತ್ತಡ ಬೇಕಾದಷ್ಟಿರುತ್ತದೆ. ಬಾಟಲ್ ಮುಚ್ಚಿದ್ದರೆ, ಪಿಸ್ಟನ್ನನ್ನು ಇನ್ನೂ ಕೆಳಗೆ ತಳ್ಳಬೇಕಾಗಿದ್ದ ಒತ್ತಡವನ್ನೇ ಸೈಲೆನ್ಸರ್ ಕಡೆಗೆ ಬಿಟ್ಟಂತಾಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಟಾರ್ಕ್ ಇಳಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಹಾಗಾಗಿ ನಾನು ಮಾಲೀಕರನ್ನು ಕೇಳಿದ್ದು, ಬಾಟಲ್ ಎಷ್ಟು ಹೊತ್ತು ತೆರೆದಿರುತ್ತದೆ ಎಂದು. 10 ಪೌಂಡ್ ಬಾಟಲ್ 100 ಹಾರ್ಸ್‌ಪವರ್‌ಗೆ ಒಟ್ಟು ಒಂದೆರಡು ನಿಮಿಷವಷ್ಟೇ ಬರುತ್ತದೆ, ಅದೂ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಕೆಲವು ಸೆಕೆಂಡುಗಳ ಕಂತಿನಲ್ಲಿ. ಉಳಿದ ಹೊತ್ತೆಲ್ಲ ಈ ನೋವಾ ರಸ್ತೆಯ ಗಾಡಿ. ಆಗಸ್ಟ್‌ನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋಗುತ್ತದೆ. 1995ರಿಂದ ನಡೆಯುತ್ತಿರುವ ಆ ಮೆರವಣಿಗೆಯಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಗಾಡಿಗಳು ಆಮೆಯ ಹಾಗೆ ತೆವಳುತ್ತವೆ. ಐಡಲ್‌ನಲ್ಲಿ ವ್ಯಾಕ್ಯೂಮ್ ಬಿದ್ದುಹೋಗುವ ಕ್ಯಾಮ್ ಇದ್ದರೆ ಅಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ, ಕಂಪನಿಯ ಕನ್ವರ್ಟರ್ ಜೊತೆ ಗೇರಿಗೆ ಹಾಕಿದ ಕೂಡಲೇ ಎಂಜಿನ್ ಆಫ್ ಆಗುತ್ತದೆ. ಬ್ರೇಕಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಕೊನೆಗೆ ಆರಿಸಿದ್ದು 218 ಇನ್‌ಟೇಕ್, 228 ಎಗ್ಸಾಸ್ಟ್, ಲೋಬ್ ಸೆಪರೇಷನ್ 112 ಇರುವ ಕ್ಯಾಮ್. ಎಗ್ಸಾಸ್ಟ್‌ಗೆ 10 ಡಿಗ್ರಿ ಹೆಚ್ಚು ಸಿಕ್ಕಿತು. ತೆರೆಯುವುದು ಮಾತ್ರ ಕೆಳತುದಿಗೆ 50 ಡಿಗ್ರಿ ಇರುವಾಗ, ಅಂದರೆ ಆ ಕ್ಯಾಮಿಗಿಂತ 13 ಡಿಗ್ರಿ ತಡವಾಗಿ. ಓವರ್‌ಲ್ಯಾಪ್, ಅಂದರೆ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು, ಅದರ ಲೆಕ್ಕವನ್ನು ನೀವೇ ಹಾಕಿ ನೋಡಿ: ಸೀಟಿನಿಂದ ಸೀಟಿಗೆ (ವಾಲ್ವ್ ಸೀಟ್ ಬಿಟ್ಟಲ್ಲಿಂದ ಮತ್ತೆ ಕೂರುವವರೆಗೆ) ಅಳೆದರೆ ಇದೇ ಕ್ಯಾಮ್ 268 ಮತ್ತು 280 ಡಿಗ್ರಿ, ಕೂಡಿಸಿ ನಾಲ್ಕರಿಂದ ಭಾಗಿಸಿದರೆ 137. ಅದರಿಂದ 112 ಕಳೆದು ಎರಡರಿಂದ ಗುಣಿಸಿದರೆ 50 ಡಿಗ್ರಿ. ಅವೇ ಲೋಬ್‌ಗಳನ್ನು 108ರಲ್ಲಿ ಕೊರೆದಿದ್ದರೆ 58 ಆಗುತ್ತಿತ್ತು. ಎರಡೂ ವಾಲ್ವ್ ತೆರೆದಿರುವ ಆ ಹೊತ್ತಿನಲ್ಲಿ ದುಡ್ಡು ಕೊಟ್ಟು ತುಂಬಿಸಿದ ನೈಟ್ರಸ್ಸೂ ಪೆಟ್ರೋಲೂ ಉರಿಯದೆ ಹೆಡರ್‌ಗೆ (ಎಗ್ಸಾಸ್ಟ್ ಕೊಳವೆಗೆ) ಹೋಗುತ್ತವೆ. ಐಡಲ್ ಕೆಡುವುದೂ ಇದರಿಂದಲೇ. ಓವರ್‌ಲ್ಯಾಪ್ ಕಡಿಮೆ ಮಾಡಿದರೆ ರಸ್ತೆಗೂ ನೈಟ್ರಸ್‌ಗೂ ಎರಡಕ್ಕೂ ಒಳ್ಳೆಯದು, ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಅಂಶ ಅದೇ.

ಕ್ಯಾಟಲಾಗ್‌ಗಳು ಹೇಳದ ಒಂದು ಮಾತಿದೆ. ಎಗ್ಸಾಸ್ಟ್ ವಾಲ್ವ್ ತೆರೆಯುವ ಕ್ಷಣದಲ್ಲಿ ಒಳಗಿನ ಒತ್ತಡ ಅದನ್ನು ಮುಚ್ಚಿಹಿಡಿದಿರುತ್ತದೆ. ನೈಟ್ರಸ್ ಇದ್ದಾಗ ಆ ಒತ್ತಡ ಇನ್ನೂ ಹೆಚ್ಚು, ಬೇಗ ತೆರೆದಷ್ಟೂ ಮತ್ತೂ ಹೆಚ್ಚು. ಅದನ್ನೆಲ್ಲ ಹೊರುವುದು ಕ್ಯಾಮಿನ ತಳ್ಳನ್ನು ವಾಲ್ವ್ ಕಡೆಗೆ ಮುಟ್ಟಿಸುವ ಪುಶ್‌ರಾಡ್. ತೆಳುವಾದ ಪುಶ್‌ರಾಡ್ ಬಾಗಿದರೆ ಕ್ಯಾಮ್ ಕಾರ್ಡ್‌ನಲ್ಲಿ ಬರೆದ ಡಿಗ್ರಿಗಳೆಲ್ಲ ಕಾಗದದ ಮೇಲೇ ಉಳಿಯುತ್ತವೆ. ಈ ಎಂಜಿನ್‌ಗೆ ದಪ್ಪ ಗೋಡೆಯ ಪುಶ್‌ರಾಡ್‌ಗಳನ್ನೇ ಹಾಕಿದೆವು.

ಕ್ಯಾಮ್ ಕೂರಿಸುವಾಗ ಟೈಮಿಂಗ್ ಗೇರ್‌ಗಳ ಚುಕ್ಕೆಗೆ ಚುಕ್ಕೆ ಸೇರಿಸಿ ಅಷ್ಟಕ್ಕೇ ಬಿಡಬೇಡಿ. ಡಿಗ್ರಿ ವೀಲ್, ಡಯಲ್ ಇಂಡಿಕೇಟರ್ ಇಟ್ಟು ಇನ್‌ಟೇಕ್ ಸೆಂಟರ್‌ಲೈನ್ (ಇನ್‌ಟೇಕ್ ಉಬ್ಬಿನ ನಡುಭಾಗ ಬರುವ ಡಿಗ್ರಿ) 108ಕ್ಕೆ ಬಂದಿದೆಯೇ ಎಂದು ಅಳೆಯಿರಿ. ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಇನ್‌ಟೇಕ್ ಕಡೆ ಕನಿಷ್ಠ 0.080 ಇಂಚು, ಎಗ್ಸಾಸ್ಟ್ ಕಡೆ 0.100 ಇರಬೇಕು. ಟ್ಯಾಪೆಟ್ ಉಬ್ಬಿನ ಮೇಲೆ ಉರುಳದೆ ಜಾರುವ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಆದ್ದರಿಂದ ಸತು ಹೆಚ್ಚಿರುವ ಎಣ್ಣೆ ಹಾಕಿ, ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂಗೆ ಮೇಲೆ 20–30 ನಿಮಿಷ ಓಡಿಸಬೇಕು, ಐಡಲ್‌ಗೆ ಬಿಡಲೇಬಾರದು. ಬಾಟಲ್ ತೆರೆದಾಗ ಸ್ಪಾರ್ಕ್ ಟೈಮಿಂಗ್ 50 ಹಾರ್ಸ್‌ಪವರ್‌ಗೆ 2 ಡಿಗ್ರಿಯಂತೆ ಹಿಂದಕ್ಕೆ ಹೋಗಬೇಕು, ಇಲ್ಲಿ 4. ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣಗಿನದು.

ಮಾಲೀಕರು ಈಗ 200 ಹಾರ್ಸ್‌ಪವರ್ ಶಾಟ್ ಬಗ್ಗೆ ಮಾತಾಡುತ್ತಿದ್ದಾರೆ. ಮಾಡಬಹುದು, ಆದರೆ ಮೊದಲು ಎರಕದ ಪಿಸ್ಟನ್ ತೆಗೆದು ಫೋರ್ಜ್ಡ್ ಪಿಸ್ಟನ್ ಹಾಕಬೇಕು. ರಿಂಗ್ ತುದಿಗಳ ಗ್ಯಾಪ್ ಹೆಚ್ಚಿಸಬೇಕು, ಇಲ್ಲದಿದ್ದರೆ ಶಾಖಕ್ಕೆ ತುದಿಗಳು ತಾಗಿ ರಿಂಗ್ ಲ್ಯಾಂಡ್ ಮುರಿಯುತ್ತದೆ. ಆಮೇಲೆ ಪೆಟ್ರೋಲ್ ಪಂಪ್, ಆಮೇಲೆ ಕನ್ವರ್ಟರ್. ಅವೆಲ್ಲ ಆದ ಮೇಲೆ ಆ 250 ಡಿಗ್ರಿಯ ಕ್ಯಾಮ್ ಬಗ್ಗೆ ಮತ್ತೆ ಕೂತು ಮಾತಾಡೋಣ ಎಂದಿದ್ದೇನೆ.