ಸೀಟಿಗೆ ಎರಡು ಲಕ್ಷ, ಯಾರ ಜೇಬಿಂದ?

ನಮ್ಮ ಮನೆ ಬೆಂಗಳೂರಿನ ಹೊರವಲಯದ ಚಂದಾಪುರದಲ್ಲಿದೆ. ಪಕ್ಕದ ಸೂರ್ಯನಗರದಲ್ಲಿ 80,000 ಜನ ಕೂರುವ ಕ್ರಿಕೆಟ್ ಸ್ಟೇಡಿಯಂ ಬರುತ್ತದೆ ಅಂತ 2025ರ ಆಗಸ್ಟ್‌ನಲ್ಲಿ ಸುದ್ದಿ ಬಂದಾಗ, ನಮ್ಮ ಬೀದಿಯಲ್ಲಿ ಮೊದಲು ಶುರುವಾದದ್ದು ಸೈಟಿನ ರೇಟಿನ ಮಾತು. ನನ್ನ ತಲೆಯಲ್ಲಿ ಕೂತದ್ದು ಬೇರೆಯೇ. ಖರ್ಚು 1,650 ಕೋಟಿ ರೂಪಾಯಿ, ಹಣ ಹಾಕುವುದು ಕರ್ನಾಟಕ ಗೃಹ ಮಂಡಳಿ.

ಗೃಹ ಮಂಡಳಿ ಇರುವುದು ಜನರಿಗೆ ಮನೆ, ಸೈಟು ಕೊಡಲು, ಅಲ್ವಾ?

ಮಗನ ಲೆಕ್ಕದ ಪುಸ್ತಕದ ಹಿಂದೆ ಭಾಗಿಸಿ ನೋಡಿದೆ. ಒಂದೊಂದು ಸೀಟಿಗೆ ಎರಡು ಲಕ್ಷಕ್ಕಿಂತ ಜಾಸ್ತಿ ಬೀಳುತ್ತದೆ.

1996ರ ಟೈಟನ್ ಕಪ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 164ಕ್ಕೆ 8 ವಿಕೆಟ್ ಬಿದ್ದ ಮೇಲೆ ಶ್ರೀನಾಥ್, ಕುಂಬ್ಳೆ ನಿಂತು ಗೆಲ್ಲಿಸಿದರಲ್ಲ, ಆವತ್ತು ನಾನು ಅಪ್ಪನ ಜೊತೆ ಚಿನ್ನಸ್ವಾಮಿಯಲ್ಲಿದ್ದೆ. ಅಪ್ಪ ಕೂಗಿ ಕೂಗಿ ಮೂರು ದಿನ ಗಂಟಲು ಕಟ್ಟಿಕೊಂಡಿದ್ದರು. ಆ ಖುಷಿ ನನ್ನ ಮಗನಿಗೂ ಸಿಗಬೇಕು. 2025ರ ಜೂನ್ 4ರಂದು ಅದೇ ಸ್ಟೇಡಿಯಂ ಹೊರಗೆ ನೂಕುನುಗ್ಗಲಲ್ಲಿ 11 ಜನ ಸತ್ತರು. ಹಾಗಾಗಿ ಊರ ನಡುವಿನ ಆ ಜಾಗ ಇಷ್ಟೊಂದು ಜನಕ್ಕೆ ಸಾಲದು ಅನ್ನುವ ಮಾತನ್ನೂ ಒಪ್ಪುತ್ತೇನೆ. ದೊಡ್ಡದು ಕಟ್ಟಲಿ. ದುಡ್ಡು ಮಾತ್ರ ಆಟದಿಂದ ಗಳಿಸುವವರೇ ಹಾಕಲಿ.

ಅವರ ಹತ್ತಿರ ಇಲ್ಲದೇ ಏನಿಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾದದ್ದೇ 48,390 ಕೋಟಿಗೆ. ಅದರಲ್ಲಿ 1,650 ಕೋಟಿ ಅಂದರೆ ನೂರು ರೂಪಾಯಿಗೆ ಮೂರೂವರೆ ರೂಪಾಯಿಯೂ ಆಗುವುದಿಲ್ಲ. ಅಮೆರಿಕದ ಲಾಸ್ ಏಂಜಲಿಸ್ ಪಕ್ಕದ ಸೋಫೈ ಸ್ಟೇಡಿಯಂ ಅನ್ನು ಅಲ್ಲಿನ ಫುಟ್‌ಬಾಲ್ ತಂಡದ ಮಾಲೀಕರೇ ಖಾಸಗಿ ಹಣದಲ್ಲಿ ಕಟ್ಟಿಸಿದರು. ಅದೇ ದೇಶದ ಲಾಸ್ ವೇಗಸ್‌ನಲ್ಲಿ ಮಾತ್ರ ಸ್ಟೇಡಿಯಂ ಕಟ್ಟಲು ಹೋಟೆಲ್ ರೂಮಿನ ತೆರಿಗೆಯಿಂದ 75 ಕೋಟಿ ಡಾಲರ್ ಕೊಟ್ಟರು. ಆಟ ನೋಡದ ಪ್ರವಾಸಿಯೂ ಅದಕ್ಕೆ ದುಡ್ಡು ಕಟ್ಟಿದ ಹಾಗಾಯಿತು.

ಸ್ಟೇಡಿಯಂ ಬಂದರೆ ಕೆಲಸ ಬರುತ್ತದೆ, ವ್ಯಾಪಾರ ಬೆಳೆಯುತ್ತದೆ ಅನ್ನುತ್ತಾರೆ. ಐಪಿಎಲ್‌ನಲ್ಲಿ ಒಂದು ತಂಡಕ್ಕೆ ತವರಿನಲ್ಲಿ ಸಿಗುವುದು ಏಳು ಲೀಗ್ ಪಂದ್ಯ. ಉಳಿದ ದಿನ ಆ ಕಡಲೆಕಾಯಿ ಗಾಡಿಯವರು ಯಾರಿಗೆ ಮಾರಬೇಕು?

ರಸ್ತೆ, ನೀರು, ಬೊಮ್ಮಸಂದ್ರದಲ್ಲಿ ನಿಂತ ಮೆಟ್ರೋವನ್ನು ಮುಂದಕ್ಕೆ ತರುವುದು, ಇವಕ್ಕೆಲ್ಲ ಸರ್ಕಾರ ಖರ್ಚು ಮಾಡಲಿ. ಪಂದ್ಯ ಇಲ್ಲದ ದಿನವೂ ನಮಗೆ ಅವು ಬೇಕು. ಮಕ್ಕಳಿಗೆ ಆಟದ ಮೈದಾನವೂ ಬೇಕು. ನನ್ನ ಮಗ ಮತ್ತವನ ಗೆಳೆಯರು ಆಡುವುದು ಖಾಲಿ ಸೈಟಿನಲ್ಲಿ, ಇಟ್ಟಿಗೆ ಜೋಡಿಸಿ ವಿಕೆಟ್ ಮಾಡಿಕೊಂಡು. ಈ ವರ್ಷ ಅಂಥ ಎರಡು ಸೈಟಲ್ಲಿ ಮನೆ ಎದ್ದವು.

ನಮ್ಮ ಶಾಸಕರಿಗೆ ಕಾಗದ ಬರೆದಿದ್ದೇನೆ. ಸ್ಟೇಡಿಯಂ ಬಾಡಿಗೆ ವರ್ಷಕ್ಕೆ ಎಷ್ಟು, ನಷ್ಟವಾದರೆ ತುಂಬುವವರು ಯಾರು, ಆನೇಕಲ್ ಕಡೆಯ ಸರ್ಕಾರಿ ಶಾಲೆ ಮಕ್ಕಳಿಗೆ ಅಲ್ಲಿ ಎಷ್ಟು ದಿನ ಆಡಲು ಬಿಡುತ್ತೀರಿ, ಈ ಮೂರನ್ನು ಪಾಯ ತೋಡುವ ಮೊದಲೇ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದ್ದೇನೆ.